ಹಿತ್ತಲಿನ ಹಳೇ ಡೇಲಿಲಿ ಕಿತ್ತು ಹಾಕೋ ಮೊದಲು ಇದನ್ನು ಓದಿ

ಅಮೆರಿಕದಲ್ಲಿ, ಅದರಲ್ಲೂ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಒಹಾಯೊ ಕಡೆ ಹಳೇ ಮನೆ ಕೊಂಡರೆ ಹಿತ್ತಲಲ್ಲೋ ಗ್ಯಾರೇಜ್ ಪಕ್ಕದಲ್ಲೋ ಡೇಲಿಲಿ ಅನ್ನೋ ಹೂಗಿಡದ ಒಂದು ಪೊದೆ ಸಿಗುವ ಸಾಧ್ಯತೆ ಜಾಸ್ತಿ. ಹಿಂದಿನ ಮನೆಯವರು ಯಾವಾಗಲೋ ನೆಟ್ಟಿದ್ದು. ಎಷ್ಟೋ ಜನ ಮೊದಲ ವರ್ಷವೇ ಅದನ್ನು ಅಗೆದು ಬಿಸಾಕಿ, ನರ್ಸರಿಯಿಂದ ಹೊಸ ಬಣ್ಣದ್ದು ತಂದು ನೆಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಬೇಸಿಗೆ ಪೂರ್ತಿ ಅದನ್ನು ನೋಡಿ, ಆಮೇಲೆ ತೀರ್ಮಾನ ಮಾಡಿ. ಹೇಗೆ ನೋಡಬೇಕು, ಏನು ನೋಡಬೇಕು, ಹೇಗೆ ಉಳಿಸಿಕೊಳ್ಳಬೇಕು ಅನ್ನೋದನ್ನು ಹೇಳುತ್ತೇನೆ.

ಹೆಸರಲ್ಲಿ ಲಿಲಿ ಇದ್ದರೂ ಇದು ನಿಜವಾದ ಲಿಲಿ ಅಲ್ಲ. ಲಿಲಿಯ ಕಾಂಡದ ಉದ್ದಕ್ಕೂ ಎಲೆ ಇರುತ್ತದೆ. ಡೇಲಿಲಿಯ ಉದ್ದನೆಯ ಎಲೆಗಳೆಲ್ಲ ಬುಡದಿಂದಲೇ ಏಳುತ್ತವೆ, ಹೂ ಬಿಡೋದು ಮಾತ್ರ ಎಲೆಯಿಲ್ಲದ ಬರೀ ದಂಟಿನ ತುದಿಯಲ್ಲಿ. ಹೂವಿನ ಸ್ವಭಾವ ನಮ್ಮ ದಾಸವಾಳದ್ದೇ. ಬೆಳಿಗ್ಗೆ ಅರಳಿದ್ದು ರಾತ್ರಿಯ ಹೊತ್ತಿಗೆ ಮುದುಡುತ್ತದೆ, ಮಾರನೇ ದಿನ ಪಕ್ಕದ ಮೊಗ್ಗಿನ ಸರದಿ. ಇನ್ನೊಂದು ಅನುಕೂಲ ಏನಂದರೆ ಬೆಳಿಗ್ಗೆ ಕಿತ್ತ ಹೂವನ್ನು ನೀರಿಲ್ಲದೆ ಹಾಗೇ ಇಟ್ಟರೂ ಸಂಜೆವರೆಗೆ ಬಿಚ್ಚಿಕೊಂಡೇ ಇರುತ್ತದೆ. ದೇವರಿಗೆ ಏರಿಸೋಕೆ ಇದಕ್ಕಿಂತ ಸುಲಭದ ಹೂ ಈ ದೇಶದ ಹಿತ್ತಲಲ್ಲಿ ನನಗೆ ಕಂಡಿಲ್ಲ.

ಮೂಲತಃ ಚೀನಾ, ಜಪಾನ್, ಕೊರಿಯಾ ಕಡೆಯ ಗಿಡ. ತೋಟದ ತಳಿಗಳನ್ನು ಬೆರೆಸಿ ಹೊಸದು ಮಾಡೋ ಕೆಲಸ ಶುರುವಾಗಿದ್ದು 1890ರ ಹೊತ್ತಿಗೆ, ಇಂಗ್ಲೆಂಡಿನ ಯಾರ್ಕ್‌ನಲ್ಲಿ, ಜಾರ್ಜ್ ಯೆಲ್ಡ್ ಅನ್ನೋ ಶಾಲಾ ಮೇಷ್ಟ್ರ ಕೈಯಲ್ಲಿ. ಅವರ 'ಆಪ್ರಿಕಾಟ್' ಅನ್ನೋ ತಳಿಯನ್ನೇ ಹೆಸರಿಟ್ಟ ಮೊದಲ ಡೇಲಿಲಿ ಅಂತ ಹೇಳುತ್ತಾರೆ. ಆಮೇಲೆ ನ್ಯೂಯಾರ್ಕ್ ಬೊಟಾನಿಕಲ್ ಗಾರ್ಡನ್‌ನ ಎ. ಬಿ. ಸ್ಟೌಟ್ ದಶಕಗಳ ಕಾಲ ಇದೇ ಗಿಡದ ಹಿಂದೆ ಬಿದ್ದರು. ಆಗ ಇದ್ದ ಡೇಲಿಲಿಗಳಲ್ಲಿ ಹೆಚ್ಚಿನವು ಹಳದಿ, ಇಲ್ಲವೇ ಕಿತ್ತಳೆ. ಅದರಿಂದ ಗಾಢ ಕೆಂಪನ್ನು ಹೊರಗೆ ತಂದಿದ್ದು ಸ್ಟೌಟ್, 1934ರ 'ಥೆರಾನ್' ತಳಿಯಲ್ಲಿ. ಇವತ್ತಿಗೂ ಡೇಲಿಲಿಗೆ ಕೊಡುವ ಅತಿ ದೊಡ್ಡ ಪದಕ ಅವರ ಹೆಸರಲ್ಲೇ ಇದೆ. 1960ರ ದಶಕದಿಂದ ಈಚೆಗೆ ಕ್ರೋಮೋಸೋಮ್ (ಜೀವಕೋಶದೊಳಗೆ ವಂಶಗುಣ ಹೊತ್ತಿರುವ ಎಳೆಗಳು) ಸಂಖ್ಯೆ 22ರಿಂದ 44ಕ್ಕೆ ಏರಿಸಿದ ತಳಿಗಳು ಜಾಸ್ತಿ ಆದವು. ಹೂ ದಪ್ಪ ಆಯಿತು, ಅಂಚಿಗೆ ನೆರಿಗೆ ಬಂತು, ಒಳಗೆ ಬಣ್ಣದ ಬಳೆಗಳು ಬಂದವು.

ಹೊಸ ತಳಿಗಳನ್ನು ನಾನು ದೂರುತ್ತಿಲ್ಲ. ಆದರೆ ಅವುಗಳಲ್ಲಿ ತುಂಬಾನೇ ತಳಿಗಳನ್ನು ಆರಿಸಿರೋದು ಹೂವಿನ ಮುಖ ನೋಡಿ, ಹತ್ತಿರದಿಂದ ತೆಗೆದ ಫೋಟೋ ನೋಡಿ. ಹಳೇ ತಳಿಗಳನ್ನು ಆರಿಸಿದವರು ಗಿಡವನ್ನು ತೋಟದಲ್ಲಿ ನಿಂತಿರುವ ಹಾಗೆ ನೋಡಿ ಆರಿಸಿದರು. ಹಾಗಾಗಿ ಅದನ್ನು ನೋಡೋ ರೀತಿಯೂ ಬೇರೆ.

ಮೊದಲು ಹತ್ತು ಅಡಿ ಹಿಂದೆ ನಿಂತು ನೋಡಿ. ದಂಟು ಎಲೆಗಳಿಗಿಂತ ಎಷ್ಟು ಮೇಲೆ ಹೋಗಿದೆ? ಹೂಗಳು ಎಲೆಯೊಳಗೆ ಹುದುಗಿಕೊಂಡಿವೆಯೋ, ಗಾಳಿಗೆ ತೂಗುತ್ತಿವೆಯೋ? ಹಳೇ ತಳಿಗಳಲ್ಲಿ ಎಷ್ಟೋ ಎತ್ತರದವು, ದಂಟು ತೆಳ್ಳಗೆ, ಹೂ ಸಣ್ಣದು, ಒಂದಕ್ಕೊಂದು ದೂರ. ಹತ್ತಿರದ ಫೋಟೋದಲ್ಲಿ ಸಪ್ಪೆ ಅನಿಸುತ್ತದೆ, ಬೇಲಿ ಪಕ್ಕದಲ್ಲಿ ನಿಂತಾಗ ಕಣ್ಣು ಬೇರೆ ಕಡೆ ಹೋಗಲ್ಲ. ಆಮೇಲೆ ಒಂದು ದಂಟು ಹಿಡಿದು ಮೇಲಿನಿಂದ ಕೆಳಗೆ ನೋಡಿ, ಕವಲು ಎಷ್ಟು, ಪ್ರತಿ ಕವಲಲ್ಲಿ ಮೊಗ್ಗು ಎಷ್ಟು ಅಂತ ಎಣಿಸಿ. ಒಂದು ಹೂವಿಗೆ ಒಂದೇ ದಿನ ಆಯುಷ್ಯ ಅಂದ ಮೇಲೆ ಮೊಗ್ಗಿನ ಲೆಕ್ಕವೇ ಗಿಡ ಎಷ್ಟು ದಿನ ಹೂ ಬಿಡುತ್ತದೆ ಅನ್ನೋ ಲೆಕ್ಕ, ಅಲ್ವಾ. ಕೊನೆಗೆ ಹೂವನ್ನು ಹಿಂದಿನಿಂದ ನೋಡಿ. ಇದನ್ನು ಯಾರೂ ಮಾಡಲ್ಲ. 1954ರ 'ಗೋಲ್ಡನ್ ಚೈಮ್ಸ್' ಹೂವನ್ನು ಮುಂದಿನಿಂದ ನೋಡಿದರೆ ಬರೀ ಹಳದಿ, ಮೂರು ಬೆರಳು ಅಗಲ ಇರಬಹುದು ಅಷ್ಟೇ. ಅದನ್ನು ತಿರುಗಿಸಿ, ಹಿಂದಿನ ಎಸಳುಗಳ ಮೇಲೆ ಕಂದುಗೆಂಪು ಬಳಿದ ಹಾಗಿರುತ್ತದೆ. ಮೊಗ್ಗು ಕಂದುಗೆಂಪು, ದಂಟು ಕಪ್ಪಗೆ, ಅರಳಿದ್ದು ಮಾತ್ರ ಹಳದಿ. ಗಿಡದ ತುಂಬಾ ಎರಡೂ ಬಣ್ಣ ಒಟ್ಟಿಗೆ ಇರುತ್ತವೆ. 1959ರ 'ಕಾರ್ಕಿ' ಕೂಡ ಇದೇ ಜಾತಿಯ ಚೆಲುವೆ, ಸ್ವಲ್ಪ ಗಿಡ್ಡ.

ಬೆಳಿಗ್ಗೆ ಬೇಗ ನೋಡೋದನ್ನೂ ಅಭ್ಯಾಸ ಮಾಡಿಕೊಳ್ಳಿ. ರಾತ್ರಿ ತಣ್ಣಗಿದ್ದರೆ ದಪ್ಪ ನೆರಿಗೆಯ ಹೂಗಳು ಅರ್ಧ ಬಿಚ್ಚಿಕೊಂಡು ಅಂಟಿಕೊಂಡು ನಿಲ್ಲೋದುಂಟು. ತೆಳು ಎಸಳಿನ ಹಳೇ ತಳಿಗಳು ಅಂಥ ದಿನವೂ ಸಲೀಸಾಗಿ ಅರಳುತ್ತವೆ. ಹಾಗೇ ಬಗ್ಗಿ ವಾಸನೆ ನೋಡಿ. ಮೇ ಕೊನೆಯಲ್ಲಿ ಹೂ ಬಿಡುವ ಲೆಮನ್ ಲಿಲಿ ಅನ್ನೋ ಹಳದಿ ಡೇಲಿಲಿಗೆ ಹಿತವಾದ ಸಿಹಿ ಪರಿಮಳ ಇರುತ್ತದೆ. ಅದು ಯಾರೂ ಬೆರೆಸಿ ಮಾಡಿದ ತಳಿಯಲ್ಲ, ಮೂಲ ಜಾತಿಯೇ. ಹೊಸ ತಳಿಗಳಲ್ಲಿ ಪರಿಮಳ ಇಲ್ಲದವೇ ಎಷ್ಟೋ.

ಈಗ ನಿಮ್ಮ ಹಿತ್ತಲಿನದ್ದು ಯಾವುದು ಅನ್ನೋ ಪ್ರಶ್ನೆ. ರಸ್ತೆ ಬದಿಯ ಚರಂಡಿಗಳಲ್ಲಿ ಜೂನ್-ಜುಲೈ ಹೊತ್ತಿಗೆ ಸಾಲಾಗಿ ಕಾಣುವ ಕಿತ್ತಳೆ ಬಣ್ಣದ ಹೂ ಗೊತ್ತಿರುತ್ತದೆ, ಇಲ್ಲಿನವರು ಡಿಚ್ ಲಿಲಿ ಅನ್ನುತ್ತಾರೆ. ನಿಮ್ಮದೂ ಅದೇ ಇರಬಹುದು. ಅದಕ್ಕೆ ಕ್ರೋಮೋಸೋಮ್ 33, ಎರಡು ಸಮಪಾಲು ಆಗಲ್ಲ, ಹಾಗಾಗಿ ಬೀಜ ಕಟ್ಟಲ್ಲ, ಮಣ್ಣೊಳಗೆ ಬಳ್ಳಿಬೇರು ಓಡಿಸಿಕೊಂಡೇ ಊರು ತುಂಬುತ್ತದೆ. ನಿಮ್ಮ ಗಿಡದಲ್ಲಿ ಹೂ ಉದುರಿದ ಮೇಲೆ ಹಸಿರು ಕಾಯಿ ಕಟ್ಟಿದರೆ ಅದು ಡಿಚ್ ಲಿಲಿ ಅಲ್ಲ ಅಂತ ಬಹುತೇಕ ಖಚಿತ. ಕಾಯಿ ಕಟ್ಟಲಿಲ್ಲ ಅಂದ ಮಾತ್ರಕ್ಕೆ ಅದೇ ಅಂತ ಹೇಳಕ್ಕಾಗಲ್ಲ, ಒಂದೇ ತಳಿಯ ಗಿಡಗಳು ಮಾತ್ರ ಇದ್ದಾಗ ಕಾಯಿ ಕಟ್ಟದಿರೋದು ಡೇಲಿಲಿಗಳಲ್ಲಿ ಮಾಮೂಲು. ಆಗ ಬುಡ ನೋಡಿ. ಪೊದೆ ಒಂದೇ ಕಡೆ ದುಂಡಗೆ ದಪ್ಪ ಆಗುತ್ತಿದ್ದರೆ ಹೆಸರಿರುವ ತಳಿ ಆಗಿರಬಹುದು. ಎರಡು ಅಡಿ ದೂರದಲ್ಲಿ ಅಲ್ಲೊಂದು ಇಲ್ಲೊಂದು ಮರಿ ಏಳುತ್ತಿದ್ದರೆ, ಹೂವೂ ಇಟ್ಟಿಗೆ-ಕಿತ್ತಳೆ ಬಣ್ಣದ್ದಾಗಿದ್ದರೆ, ಅದು ಡಿಚ್ ಲಿಲಿಯೇ. ಅದನ್ನು ಮಾತ್ರ ಹದ್ದುಬಸ್ತಿನಲ್ಲಿಡಿ. ತೋಟದ ಬೇರೆ ಗಿಡಗಳನ್ನು ನುಂಗಿಬಿಡುತ್ತದೆ, ಅಗೆದದ್ದನ್ನು ಕಾಡಿನ ಅಂಚಿಗೆ ಎಸೆದರೆ ಅಲ್ಲೂ ಬೇರೂರುತ್ತದೆ.

ಹೊಸದಾಗಿ ಕೊಂಡುಕೊಳ್ಳೋದಾದರೆ ನನ್ನ ಆಯ್ಕೆ ಹೇಳುತ್ತೇನೆ. ಒಂದೇ ಒಂದಕ್ಕೆ ಜಾಗ ಇದ್ದರೆ 'ಹೈಪೀರಿಯನ್'. ಇಂಡಿಯಾನಾದ ಫ್ರಾಂಕ್ಲಿನ್ ಮೀಡ್ 1924ರಲ್ಲಿ ಹೊರತಂದ ನಿಂಬೆ ಹಳದಿ ತಳಿ, ಸುಮಾರು 40 ಇಂಚು ಎತ್ತರ, ಒಳ್ಳೆ ಪರಿಮಳ. ಇಲ್ಲೊಂದು ವಿಷಯ ಗಮನಿಸಿ. ಡೇಲಿಲಿಯ ಬೀಜ ನೆಟ್ಟರೆ ಅದೇ ತಳಿ ಬರಲ್ಲ, ಬುಡ ಬಿಡಿಸಿ ಮರಿ ನೆಟ್ಟರೆ ಮಾತ್ರ ಬರುತ್ತದೆ. ಹಾಗಾದರೆ ನಿಮ್ಮ ಹಿತ್ತಲಿನ ಹೈಪೀರಿಯನ್ ಮೀಡ್ ಅವರ ಗಿಡದ ಮಗಳಲ್ಲ, ಮೊಮ್ಮಗಳೂ ಅಲ್ಲ. ಅದು ಅದೇ ಗಿಡ. ಸುಮಾರು ನೂರು ವರ್ಷದಿಂದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ತುಂಡಾಗಿ ಬಂದಿರೋದು. ಹಳೇ ಡೇಲಿಲಿಯನ್ನು ಬಿಸಾಕಬೇಡಿ ಅಂತ ನಾನು ಇಷ್ಟು ಒತ್ತಿ ಹೇಳೋದು ಇದಕ್ಕೇ. ಎಲ್ಲರೂ ಬಿಸಾಕಿದರೆ ಆ ತಳಿಯನ್ನು ಮತ್ತೆ ಮಾಡೋಕೆ ಯಾರಿಂದಲೂ ಆಗಲ್ಲ.

ಜಾಗ ಜಾಸ್ತಿ ಇದ್ದರೆ ಬೇಸಿಗೆ ಪೂರ್ತಿ ಹಂಚಿಕೊಳ್ಳೋ ಹಾಗೆ ನೆಡಿ. ಮೊದಲು ಲೆಮನ್ ಲಿಲಿ, ಆಮೇಲೆ 'ಗೋಲ್ಡನ್ ಚೈಮ್ಸ್', ಜುಲೈಗೆ 'ಹೈಪೀರಿಯನ್', ಅದರ ಜೊತೆಜೊತೆಗೆ 1955ರ 'ಫ್ರಾನ್ಸ್ ಹಾಲ್ಸ್'. ಇದರಲ್ಲಿ ಮೂರು ಎಸಳು ತುಕ್ಕು ಕಿತ್ತಳೆ, ಉಳಿದ ಮೂರು ಹಳದಿ. ತಿಳಿ ನೇರಳೆ-ಗುಲಾಬಿ ಬೇಕಾದರೆ 1967ರ 'ಕ್ಯಾಥರಿನ್ ವುಡ್‌ಬೆರಿ'. ಎಲ್ಲಾ ಮುಗಿಯಿತು ಅನ್ನೋ ಹೊತ್ತಿಗೆ ಆಗಸ್ಟಿನಲ್ಲಿ ಸ್ಟೌಟ್ ಅವರ 'ಆಟಮ್ ಮಿನರೆಟ್' ಶುರು. 1951ರದ್ದು, ಐದೂವರೆ ಅಡಿ ಎತ್ತರ. ಅದನ್ನು ಹಿಂದಿನ ಸಾಲಲ್ಲಿ ಇಡಿ. ಪಾರ್ಕಿಂಗ್ ಲಾಟ್‌ಗಳಲ್ಲೆಲ್ಲ ಕಾಣುವ ಗಿಡ್ಡ ಹಳದಿ 'ಸ್ಟೆಲ್ಲಾ ಡಿ ಓರೊ' ಕೂಡ 1975ರ ತಳಿ, 1985ರಲ್ಲಿ ಸ್ಟೌಟ್ ಪದಕ ಪಡೆದದ್ದು. ಒಳ್ಳೆ ಗಿಡವೇ, ಮತ್ತೆ ಮತ್ತೆ ಹೂ ಬಿಡುತ್ತದೆ, ಆದರೆ ಎಲ್ಲಾ ಕಡೆ ಇರೋದನ್ನು ಉಳಿಸೋಕೆ ನಿಮ್ಮ ಹಿತ್ತಲು ಬೇಕಾಗಿಲ್ಲ.

ಆರೈಕೆ ಅಂತ ಜಾಸ್ತಿ ಏನೂ ಇಲ್ಲ. ದಿನಕ್ಕೆ ಆರು ಗಂಟೆ ಬಿಸಿಲು, ನೀರು ನಿಲ್ಲದ ಮಣ್ಣು, ವರ್ಷಕ್ಕೊಮ್ಮೆ ಕಾಂಪೋಸ್ಟ್. ಲಾನ್‌ಗೆ ಹಾಕೋ ಗೊಬ್ಬರ ಇದಕ್ಕೆ ಸುರಿಯಬೇಡಿ, ಬರೀ ಎಲೆ ಬರುತ್ತದೆ. ತುಳಸಿ, ಮಲ್ಲಿಗೆ ಕುಂಡಗಳನ್ನು ಅಕ್ಟೋಬರಿನಲ್ಲಿ ಒಳಗೆ ಹೊರುವ ಕಷ್ಟ ಇದಕ್ಕಿಲ್ಲ, ಹಿಮದಡಿ ಮಲಗಿ ಮಾರ್ಚಿನಲ್ಲಿ ತಾನೇ ಏಳುತ್ತದೆ. ದೊಡ್ಡ ಶತ್ರು ಜಿಂಕೆ. ಅರಳುವ ಹಿಂದಿನ ರಾತ್ರಿ ಮೊಗ್ಗೆಲ್ಲ ತಿಂದು ಹೋಗುತ್ತದೆ. ಬೆಂಡೆ, ಹೀರೆಗೆ ಅಂತ ಬೇಲಿ ಹಾಕಿರುತ್ತೀರಲ್ಲ, ಅದರ ಒಳಗೇ ಒಂದು ಅಂಚಲ್ಲಿ ನೆಟ್ಟುಬಿಡಿ. ಬೆಕ್ಕು ಸಾಕಿದವರು ಮಾತ್ರ ಹುಷಾರು: ಡೇಲಿಲಿ ಬೆಕ್ಕಿನ ಕಿಡ್ನಿ ಕೆಡಿಸುತ್ತದೆ, ಜೀವಕ್ಕೇ ಅಪಾಯ. ಬೆಕ್ಕಿರುವ ಮನೆಯಲ್ಲಿ ಹೂವನ್ನು ದೇವರ ಮನೆಗೆ ತರೋದೂ ಬೇಡ.

ಬುಡ ಬಿಡಿಸೋದನ್ನು ಮಾತ್ರ ಸರಿಯಾಗಿ ಕಲಿಯಬೇಕು. ನಾಲ್ಕೈದು ವರ್ಷಕ್ಕೊಮ್ಮೆ, ಅಥವಾ ಪೊದೆಯ ನಡುವೆ ಹೂ ಕಡಿಮೆ ಆದಾಗ. ಹೂ ಮುಗಿದ ಮೇಲೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಒಳ್ಳೆ ಸಮಯ. ಪೊದೆಯ ಸುತ್ತ ಗಾರ್ಡನ್ ಫೋರ್ಕ್ ಇಳಿಸಿ ಇಡೀ ಬುಡವನ್ನು ಮೇಲೆತ್ತಿ. ಪೈಪ್ ಹಿಡಿದು ಮಣ್ಣು ಪೂರ್ತಿ ತೊಳೆಯಿರಿ, ಆಗ ಯಾವ ಮರಿ ಎಲ್ಲಿ ಅಂಟಿದೆ ಅಂತ ಕಾಣುತ್ತದೆ. ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾ ಎಳೆದರೆ ತಾನಾಗಿ ಬಿಟ್ಟುಕೊಳ್ಳುತ್ತದೆ, ಬರದಿದ್ದರೆ ಚಾಕು. ತುಂಡಿಗೆ ಎರಡು ಮೂರು ಮರಿ ಇರಲಿ, ಊದಿಕೊಂಡ ಬೇರುಗಳು ಜೊತೆಗಿರಲಿ. ಎಲೆಯನ್ನು ಆರು ಇಂಚಿಗೆ ಕತ್ತರಿಸಿ. ಎಲೆಯ ಬುಡದಲ್ಲಿ ಹಸಿರು ಮುಗಿದು ಬಿಳಿ ಶುರುವಾಗುವ ಜಾಗ ಇದೆಯಲ್ಲ, ಮಣ್ಣು ಅಲ್ಲಿಯವರೆಗೆ ಬರಬೇಕು. ಬೇರು ಹುಟ್ಟುವ ಜಾಗ ಒಂದಿಂಚು ಒಳಗಿದ್ದರೆ ಸಾಕು, ಅದಕ್ಕಿಂತ ಆಳ ಹೋದರೆ ಹೂ ಕಡಿಮೆ. ಗಿಡದಿಂದ ಗಿಡಕ್ಕೆ ಎರಡು ಅಡಿ ಬಿಡಿ. ಮೊದಲ ವರ್ಷ ಹೂ ಬರದಿದ್ದರೆ ಗಾಬರಿ ಬೇಡ.

ದಕ್ಷಿಣದ ಫ್ಲಾರಿಡಾ ಕಡೆಯಿಂದ ತರಿಸಿದ ಗಿಡವಾದರೆ ಎಲೆಯ ಹಿಂಭಾಗ ಬಿಳಿ ಕಾಗದದಿಂದ ಒರೆಸಿ ನೋಡಿ. ಕಿತ್ತಳೆ ಪುಡಿ ಹತ್ತಿದರೆ ತುಕ್ಕು ರೋಗ. 2000ನೇ ಇಸವಿಯಲ್ಲಿ ಈ ದೇಶದಲ್ಲಿ ಮೊದಲು ಕಂಡದ್ದು. ಎಲೆ ಪೂರ್ತಿ ಸಾಯುವಷ್ಟು ಚಳಿ ಇರುವ ಕಡೆ ಅದು ಚಳಿಗಾಲ ದಾಟಲ್ಲ, ಆದರೂ ಆ ಬೇಸಿಗೆ ಗಿಡ ನೋಡೋಕೆ ಆಗಲ್ಲ.

ಹೆಸರು ಉಳಿಸೋದು ಕೊನೆಯ ಕೆಲಸ, ನನ್ನ ಲೆಕ್ಕದಲ್ಲಿ ಅತಿ ಮುಖ್ಯ. ಪ್ಲಾಸ್ಟಿಕ್ ಪಟ್ಟಿ ಮೇಲೆ ಮಾರ್ಕರ್‌ನಲ್ಲಿ ಬರೆದದ್ದು ಬಿಸಿಲಿಗೆ ಅಳಿಸಿಹೋಗುತ್ತದೆ. ಮೆತ್ತನೆ ಅಲ್ಯುಮಿನಿಯಂ ಪಟ್ಟಿ ಮೇಲೆ ಒತ್ತಿ ಬರೆಯಿರಿ, ಜೊತೆಗೆ ಪುಸ್ತಕದಲ್ಲಿ ತೋಟದ ನಕ್ಷೆ ಇಡಿ. ಕಾಯಿ ಕಟ್ಟಿದರೆ ಬಲಿಯೋ ಮೊದಲೇ ಚಿವುಟಿ, ಇಲ್ಲದಿದ್ದರೆ ಬೀಜ ಬಿದ್ದು ಬೇರೆ ಗಿಡ ಹುಟ್ಟಿ ಪೊದೆಯೊಳಗೆ ಸೇರಿಕೊಳ್ಳುತ್ತದೆ, ಹತ್ತು ವರ್ಷದ ಮೇಲೆ ಯಾವುದು ಯಾವುದು ಅಂತ ಹೇಳಕ್ಕಾಗಲ್ಲ. ಹೆಸರು ಗೊತ್ತಿಲ್ಲದ ಗಿಡವಾದರೆ ದಂಟಿನ ಎತ್ತರ, ಕವಲು, ಮೊಗ್ಗು, ಹೂವಿನ ಅಗಲ, ಒಳಗಿನ ಬಣ್ಣ, ಪರಿಮಳ, ಹೂ ಶುರುವಾದ ವಾರ ಎಲ್ಲಾ ಬರೆದಿಡಿ. ಹಿಂಭಾಗದ ಫೋಟೋನೂ ತೆಗೆಯಿರಿ. ಅಮೆರಿಕನ್ ಡೇಲಿಲಿ ಸೊಸೈಟಿಯ ಆನ್‌ಲೈನ್ ಪಟ್ಟಿಯಲ್ಲಿ ನೋಂದಾಯಿಸಿದ ತಳಿಗಳ ಅಳತೆ ಸಿಗುತ್ತದೆ, ಹೋಲಿಸಿ. ಆದರೆ ಸುಮ್ನೆ ಊಹೆ ಮಾಡಿ ಹೆಸರು ಬರೆಯಬೇಡಿ. ಹಳದಿ ಡೇಲಿಲಿಗಳು ನೂರಾರಿವೆ, ತಪ್ಪು ಹೆಸರಿಗಿಂತ "ಹೆಸರಿಲ್ಲದ ಹಳದಿ, ಗ್ಯಾರೇಜ್ ಪಕ್ಕದ್ದು, ಮನೆ ಕೊಂಡಾಗಲೇ ಇತ್ತು" ಅಂತ ಬರೆಯೋದು ಎಷ್ಟೋ ಮೇಲು. ಆಗುತ್ತೆ ಅಂದರೆ ಹಿಂದಿನ ಮನೆಯವರನ್ನೋ ಪಕ್ಕದ ಮನೆಯ ಹಿರಿಯರನ್ನೋ ಕೇಳಿ, ಕೆಲವೊಮ್ಮೆ ಅವರಿಗೆ ಹೆಸರು ಸಮೇತ ನೆನಪಿರುತ್ತದೆ.

ಊರಿಗೆ ಹೋಗುವಾಗ ಸೂಟ್‌ಕೇಸಲ್ಲಿ ಒಂದು ಮರಿ ಹಾಕಿಕೊಳ್ಳೋಣ ಅನಿಸಬಹುದು. ಬೇಡ. ಭಾರತಕ್ಕೆ ಗಿಡ ತರೋಕೆ ಪರ್ಮಿಟ್, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಜೊತೆಗೆ ಚಳಿಗೆ ಎಲೆ ಉದುರಿಸಿ ಮಲಗುವ ಈ ಹಳೇ ತಳಿಗಳು ಚಳಿಯಿಲ್ಲದ ಕಡೆ ಸೊರಗುತ್ತವೆ. ಬಿಡಿಸಿದಾಗ ಉಳಿದ ಮರಿಗಳನ್ನು ಸೆಪ್ಟೆಂಬರ್‌ನ ಕನ್ನಡ ಕೂಟದ ಪಿಕ್ನಿಕ್‌ಗೆ ತಗೊಂಡು ಹೋಗಿ. ಬೇರಿಗೆ ಒದ್ದೆ ಪೇಪರ್ ಸುತ್ತಿ, ಪ್ರತಿ ಚೀಲದ ಮೇಲೂ ತಳಿಯ ಹೆಸರು, ಇಸವಿ, ಯಾರ ಮನೆಯದ್ದು ಅಂತ ಬರೆದು ಕೊಡಿ.