ತಾರತಮ್ಯದ ಕೇಸಿಗೆ ಬೆಂಗಳೂರಿನಲ್ಲಿ ವಕೀಲರನ್ನು ಹುಡುಕೋದು ಹೇಗೆ?

ಮೈಸೂರ್ ಬ್ಯಾಂಕ್ ಸರ್ಕಲ್ ಹತ್ತಿರ, ಸಿಟಿ ಸಿವಿಲ್ ಕೋರ್ಟಿನ ಆಸುಪಾಸಿನಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಅರ್ಜಿ, ಅಫಿಡವಿಟ್, ವಕಾಲತ್ತು (ನಮ್ಮ ಪರ ಕೇಸು ನಡೆಸಲು ವಕೀಲರಿಗೆ ಕೊಡುವ ಅಧಿಕಾರ ಪತ್ರ) ಟೈಪ್ ಮಾಡಿಕೊಡುತ್ತೇನೆ. "ಅಕ್ಕಾ, ಒಳ್ಳೇ ಲಾಯರ್ ಯಾರಾದ್ರೂ ಗೊತ್ತಾ?" ಅಂತ ಕೇಳುವವರು ದಿನಾ ಬರುತ್ತಾರೆ. ಆಸ್ತಿ ಪಾಲಿನ ತಕರಾರಾದರೆ ಹೆಸರು ಹೇಳುವುದು ಸುಲಭ. ಜಾತಿ ಹಿಡಿದು ಬೈದರು, ಅಂಗವಿಕಲ ಅಂತ ಕೆಲಸದಿಂದ ತೆಗೆದರು, ಆಫೀಸಿನಲ್ಲಿ ಲೈಂಗಿಕ ಕಿರುಕುಳ ಕೊಟ್ಟರು ಅಂದರೆ ಮಾತ್ರ ಮೊದಲು ಒಂದು ಬಿಳಿ ಹಾಳೆ ಕೊಡುತ್ತೇನೆ.

ಏನಾಯಿತು, ಯಾವತ್ತು, ಎಲ್ಲಿ, ಆಗ ಯಾರ್ಯಾರಿದ್ದರು, ಕೈಯಲ್ಲಿ ಏನು ಕಾಗದ ಇದೆ ಅಂತ ತಾರೀಖಿನ ಪ್ರಕಾರ ಬರೆಯಿರಿ. ಒಂದು ಪುಟ ಸಾಕು. ಹತ್ತು ಪುಟದ ಗೋಳನ್ನು ಯಾವ ವಕೀಲರೂ ಓದುವುದಿಲ್ಲ. ವಾಟ್ಸಾಪ್ ಮೆಸೇಜ್ ಅಳಿಸಬೇಡಿ, ಆ ಫೋನನ್ನು ಎಕ್ಸ್‌ಚೇಂಜಿಗೂ ಕೊಡಬೇಡಿ.

ಆಮೇಲೆ ಹುಡುಕಾಟ. ಆನ್‌ಲೈನ್‌ನಲ್ಲಿ "ನಂಬರ್ ಒನ್ ಲಾಯರ್" ಅಂತ ಜಾಹೀರಾತು ಕಂಡರೆ ಮುಂದೆ ಹೋಗಿ. ವಕೀಲರು ಜಾಹೀರಾತು ಕೊಡಬಾರದು ಅಂತ ಬಾರ್ ಕೌನ್ಸಿಲ್ ನಿಯಮವೇ ಇದೆ. ಅದರ ಬದಲು ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರು ಹಾಕಿ ನೋಡಿ, ಅವರು ನಡೆಸುತ್ತಿರುವ ಕೇಸುಗಳು ಸಿಗುತ್ತವೆ. ಎಲ್ಲವೂ ಚೆಕ್ ಬೌನ್ಸ್, ವಿಚ್ಛೇದನವೇ ಆಗಿದ್ದರೆ ನಿಮ್ಮ ಕೇಸು ಅವರಿಗೂ ಹೊಸದು, ಅಲ್ವಾ?

ನನ್ನ ಪ್ರಕಾರ ನಿಜವಾದ ಪರೀಕ್ಷೆ ಮೊದಲ ಭೇಟಿಯಲ್ಲೇ ಆಗುತ್ತದೆ. ಅವರು ಏನು ಹೇಳುತ್ತಾರೆ ಅನ್ನುವುದಕ್ಕಿಂತ ಏನು ಕೇಳುತ್ತಾರೆ ಅಂತ ಗಮನಿಸಿ. ಜಾತಿ ನಿಂದನೆಯಾದರೆ "ಯಾರ ಮುಂದೆ ಬೈದರು?" ಅಂತ ಕೇಳಲೇಬೇಕು. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಲ್ಲಿ ಬೈಗುಳ ಸಾರ್ವಜನಿಕರ ಕಣ್ಣೆದುರು ನಡೆದಿರಬೇಕು. ನಾಲ್ಕು ಗೋಡೆಯ ಒಳಗೆ ಇಬ್ಬರೇ ಇದ್ದಾಗ ಬೈದಿದ್ದರೆ ಆ ಸೆಕ್ಷನ್ ನಿಲ್ಲುವುದು ಕಷ್ಟ. ಆಫೀಸಿನ ಕಿರುಕುಳವಾದರೆ "ಕೊನೇ ಸಲ ಯಾವತ್ತು ಆಯಿತು?" ಅನ್ನಬೇಕು, ಯಾಕಂದ್ರೆ 2013ರ ಕಾಯ್ದೆ ಪ್ರಕಾರ 3 ತಿಂಗಳೊಳಗೆ ಆಫೀಸಿನ ಆಂತರಿಕ ದೂರು ಸಮಿತಿಗೆ ದೂರು ಹೋಗಬೇಕು. ತಡಕ್ಕೆ ಸರಿಯಾದ ಕಾರಣ ಇದ್ದರೆ ಇನ್ನೂ 3 ತಿಂಗಳು ಸಿಗಬಹುದು. ಅಂಗವಿಕಲರ ನೌಕರಿ ವಿಷಯಕ್ಕೆ "ಸರ್ಕಾರದ್ದೋ, ಖಾಸಗಿಯದ್ದೋ?" ಅನ್ನುವುದೇ ಮೊದಲ ಪ್ರಶ್ನೆ. ಸರ್ಕಾರದ್ದಾದರೆ ಹೈಕೋರ್ಟಿಗೆ ರಿಟ್ (ಸರ್ಕಾರಕ್ಕೆ ಆದೇಶ ಕೊಡಿ ಅಂತ ನೇರವಾಗಿ ಕೇಳುವ ಅರ್ಜಿ) ಹಾಕುವ ದಾರಿ ಇದೆ, ಖಾಸಗಿ ಕಂಪನಿ ಮೇಲೆ ಅದು ಸಾಮಾನ್ಯವಾಗಿ ನಡೆಯುವುದಿಲ್ಲ. ಇದ್ಯಾವುದನ್ನೂ ಕೇಳದೆ "ಗೆದ್ದೇ ಗೆಲ್ತೀವಿ, ಬಿಡಿ" ಅಂದವರಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ.

ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಮೊದಲು 15100ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಜಾತಿ ದೌರ್ಜನ್ಯದ ಕೇಸನ್ನು ಸರ್ಕಾರಿ ಅಭಿಯೋಜಕರೇ, ಅಂದರೆ ಸರ್ಕಾರದ ಪರ ವಕೀಲರೇ ನಡೆಸುತ್ತಾರೆ. ಹಿರಿಯ ವಕೀಲರು ಬೇಕು ಅಂತ ಜಿಲ್ಲಾಧಿಕಾರಿಗೆ ಅರ್ಜಿ ಕೊಡಲು ನಿಯಮದಲ್ಲಿ ಅವಕಾಶ ಇದೆ, ಇದು ಜಾಸ್ತಿ ಜನಕ್ಕೆ ಗೊತ್ತೇ ಇಲ್ಲ. ಸರ್ಕಾರಿ ಅಧಿಕಾರಿಯಿಂದಲೇ ಅನ್ಯಾಯವಾಗಿದ್ದರೆ ಒಂದು ವರ್ಷದೊಳಗೆ ಮಾನವ ಹಕ್ಕುಗಳ ಆಯೋಗಕ್ಕೆ ನೀವೇ ಬರೆದು ಕೊಡಬಹುದು, ಅದಕ್ಕೆ ವಕೀಲರೂ ಬೇಡ, ಶುಲ್ಕವೂ ಇಲ್ಲ.

ಫೀಸು ಹಂತ ಹಂತವಾಗಿ ಎಷ್ಟು ಅಂತ ಬರೆಸಿಕೊಳ್ಳಿ. ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅಂತ ಕೇಳುವುದು ನಮ್ಮಲ್ಲಿ ನಿಯಮಕ್ಕೆ ವಿರುದ್ಧ. ಖಾಲಿ ಬಿಟ್ಟ ವಕಾಲತ್ತಿಗೆ ಸಹಿ ಬೇಡವೇ ಬೇಡ; ಹೆಸರು, ಕೋರ್ಟು ತುಂಬಿದ ಮೇಲೆ ಹಾಕಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ವಕೀಲರನ್ನು ಬದಲಾಯಿಸಬೇಕಾದರೆ ಹಳಬರಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಕೇಳಿ. ಫೀಸು ಬಾಕಿ ಅಂತ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.