ಬಂಡೆ ಹತ್ತುವಾಗ ಮೈಮೇಲೊಂದು ಕ್ಯಾಮೆರಾ: ನಾನು ಆರಿಸಿಕೊಂಡ ಬಗೆ

ಆ್ಯಕ್ಷನ್ ಕ್ಯಾಮೆರಾ ಕೊಳ್ಳಲು ಹೊರಟವರು ಮೊದಲು ಕೇಳುವುದು ಚಿತ್ರದ ರೆಸಲ್ಯೂಷನ್ (ಸೂಕ್ಷ್ಮತೆ) 4ಕೆ ಇದೆಯಾ, 5.3ಕೆ ಇದೆಯಾ, ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು. ಬಂಡೆ ಹತ್ತುವುದನ್ನು ಚಿತ್ರಿಸಬೇಕು ಅನ್ನುವವರಿಗೆ ಈ ಪ್ರಶ್ನೆಗಳು ಕೊನೆಗೆ ಬಂದರೆ ಸಾಕು. ನಾನು ಮೊದಲು ತೀರ್ಮಾನಿಸಿದ್ದು ಕ್ಯಾಮೆರಾ ಮೈಮೇಲೆ ಎಲ್ಲಿ ಕೂರಬೇಕು ಅನ್ನುವುದನ್ನು. ಅದೊಂದು ಇತ್ಯರ್ಥವಾದ ಮೇಲೆ ತೂಕ ಎಷ್ಟಿರಬೇಕು, ಚೌಕಟ್ಟು ಯಾವ ಆಕಾರದ್ದಿರಬೇಕು, ಬ್ಯಾಟರಿ ಎಷ್ಟು ಹೊತ್ತು ಬಂದರೆ ಸಾಕು ಅನ್ನುವುದೆಲ್ಲ ತಾನಾಗಿಯೇ ಸ್ಪಷ್ಟವಾಯಿತು. ಪಟ್ಟಿಯಲ್ಲಿದ್ದ ಮಾದರಿಗಳಲ್ಲಿ ಅರ್ಧಕ್ಕರ್ಧ ಅಲ್ಲೇ ಉದುರಿಹೋದವು.

ಈ ಕ್ಯಾಮೆರಾಗಳು ಹುಟ್ಟಿದ್ದೇ ಬೇರೆ ಆಟಗಳಿಗಾಗಿ. ನಿಕ್ ವುಡ್‌ಮನ್ 2002ರಲ್ಲಿ ಗೋಪ್ರೋ ಕಂಪನಿ ಶುರು ಮಾಡಿದಾಗ ಅವರ ಮನಸ್ಸಿನಲ್ಲಿದ್ದದ್ದು ಸರ್ಫಿಂಗ್. 2004ರಲ್ಲಿ ಬಂದ ಮೊದಲ ಹೀರೋ, ಮಣಿಕಟ್ಟಿಗೆ ಕಟ್ಟಿಕೊಳ್ಳುವ 35 ಎಂಎಂ ಫಿಲ್ಮ್ ಕ್ಯಾಮೆರಾ. ಅಲೆ, ಸೈಕಲ್, ಹಿಮದ ಇಳಿಜಾರು, ಇವೆಲ್ಲದರಲ್ಲೂ ಎದುರಿಗೆ ಬಯಲಿರುತ್ತದೆ, ವೇಗವಿರುತ್ತದೆ. ನಮ್ಮಲ್ಲಿ ಎರಡೂ ಇಲ್ಲ. ಬಂಡೆ ಮೂಗಿನಿಂದ ಒಂದೆರಡು ಗೇಣು ದೂರದಲ್ಲಿರುತ್ತದೆ; ಒಂದು ಕಾಲು ಎತ್ತಿಡಲು ಕೆಲವೊಮ್ಮೆ ಅರ್ಧ ನಿಮಿಷ ಯೋಚಿಸುತ್ತೇವೆ. ಹಾಗಾಗಿ ಬೇರೆ ಆಟದವರು ಹೊಗಳಿದ ಕ್ಯಾಮೆರಾ ನಮಗೂ ಒಗ್ಗುತ್ತದೆ ಅಂದುಕೊಳ್ಳುವ ಹಾಗಿಲ್ಲ. ಮಣಿಕಟ್ಟಿನ ಪಟ್ಟಿಯನ್ನೇ ತೆಗೆದುಕೊಳ್ಳಿ: ಬಿರುಕಿನೊಳಗೆ ಕೈ ತುರುಕಬೇಕಾದವರಿಗೆ ಅದರ ಮಾತೇ ಬೇಡ.

ಉಳಿಯುವುದು ಮೂರು ಜಾಗ. ಎದೆ, ಕೊರಳು, ಹೆಲ್ಮೆಟ್.

ಎದೆಗೆ ಕಟ್ಟುವ ಪಟ್ಟಿಯನ್ನು ಸ್ಲ್ಯಾಬ್ ಮೇಲೆ ನಾನು ಈಗಲೂ ಒಪ್ಪುತ್ತೇನೆ. ಇಳಿಜಾರು ಬಂಡೆಯಲ್ಲಿ ಮೈ ಕಲ್ಲಿನಿಂದ ದೂರ ನಿಂತಿರುವುದರಿಂದ ಕೈಯೂ ಕಾಣುತ್ತದೆ, ಕಾಲೂ ಕಾಣುತ್ತದೆ. ಗೋಡೆ ನೆಟ್ಟಗಾಗುತ್ತಾ ಹೋದಂತೆ ಎದೆಯನ್ನು ಕಲ್ಲಿಗೆ ಒತ್ತಿಕೊಂಡೇ ಏರಬೇಕು. ಆಗ ಲೆನ್ಸಿನ ಮುಂದೆ ಕಲ್ಲು ಬಿಟ್ಟರೆ ಏನೂ ಇರುವುದಿಲ್ಲ. ಅದಕ್ಕಿಂತ ನನ್ನನ್ನು ಕಾಡಿದ್ದು ಹಗ್ಗ. ಲೀಡ್ ಮಾಡುವಾಗ, ಅಂದರೆ ಹಗ್ಗವನ್ನು ಕೆಳಗಿನಿಂದ ಜೊತೆಗೊಯ್ಯುತ್ತಾ ಮೊದಲಿಗರಾಗಿ ಏರುವಾಗ, ಕ್ವಿಕ್‌ಡ್ರಾಗೆ (ಬಂಡೆಯ ಆಸರೆಗೆ ಹಗ್ಗ ಸೇರಿಸುವ ಜೋಡಿ ಕೊಂಡಿಗೆ) ಹಗ್ಗ ಹಾಕಲು ಸೊಂಟದ ಗಂಟಿನ ಬಳಿಯಿಂದ ಅದನ್ನು ಮೇಲಕ್ಕೆಳೆಯುತ್ತೇವಲ್ಲ, ಅದು ಸರಿಯಾಗಿ ಎದೆಯ ಮುಂದೆಯೇ ಹಾದುಹೋಗುತ್ತದೆ. ಅಲ್ಲಿ ಮುಂದಕ್ಕೆ ಚಾಚಿಕೊಂಡಿರುವ ಡಬ್ಬಿಯೊಂದಿದ್ದರೆ ಹಗ್ಗದ ಕುಣಿಕೆ ಅದಕ್ಕೆ ಸಿಕ್ಕಿಕೊಳ್ಳುವ ಸಾಧ್ಯತೆ ಪ್ರತಿ ಕ್ಲಿಪ್‌ನಲ್ಲೂ ಇರುತ್ತದೆ. ಕೈ ನಡುಗುತ್ತಿರುವ ಹೊತ್ತಿನಲ್ಲಿ ಇಂಥದ್ದೊಂದು ತೊಡಕು ಯಾರಿಗೂ ಬೇಡ. ಲೀಡ್‌ಗೆ ಎದೆಪಟ್ಟಿ ಬೇಡವೆಂದು ನಾನು ಬಿಟ್ಟದ್ದು ಈ ಒಂದೇ ಕಾರಣಕ್ಕೆ. ಹಗ್ಗ ಮೇಲಿನಿಂದಲೇ ಇಳಿದುಬಂದಿರುವ ಟಾಪ್ ರೋಪ್‌ನಲ್ಲಿ ಈ ತಕರಾರಿಲ್ಲ.

ಕೊರಳಲ್ಲಿ ಆಯಸ್ಕಾಂತದ ಪದಕ ಧರಿಸಿ, ಅಂಗಿಯ ಹೊರಗಿನಿಂದ ಕ್ಯಾಮೆರಾ ಅಂಟಿಸುವ ಬಗೆ ಪುಟ್ಟ ಕ್ಯಾಮೆರಾಗಳ ಜೊತೆ ಬಂದದ್ದು. ಹಗುರ, ಚಾಚಿಕೊಳ್ಳುವುದಿಲ್ಲ. ಆದರೆ ಓವರ್‌ಹ್ಯಾಂಗ್‌ನಲ್ಲಿ, ಅಂದರೆ ನಮ್ಮ ಕಡೆಗೆ ಬಾಗಿದ ಬಂಡೆಯಲ್ಲಿ, ಅಂಗಿ ಮೈಯಿಂದ ಜೋತುಬಿದ್ದು ಲೆನ್ಸ್ ನೆಲದ ಕಡೆ ವಾಲುತ್ತದೆ. ಮೈಗಂಟಿಕೊಳ್ಳುವ ಬಟ್ಟೆ ಹಾಕಿಕೊಂಡರೆ ಎಷ್ಟೋ ವಾಸಿ. ಪೇಸ್‌ಮೇಕರ್ ಇರುವವರು ಈ ಪದಕವನ್ನು ಧರಿಸಲೇಬಾರದು.

ಕೊನೆಗೆ ನನ್ನ ಆಯ್ಕೆ ಹೆಲ್ಮೆಟ್. ಅದರಲ್ಲೂ ನೆತ್ತಿಯ ಮೇಲಲ್ಲ. ನೆತ್ತಿಯ ಮೇಲೆ ನಿಲ್ಲಿಸಿದ ಕ್ಯಾಮೆರಾ ಚಾಚಿದ ಬಂಡೆಯ ಕೆಳಗೆ ತಲೆ ತೂರಿಸುವಾಗ, ಚಿಮ್ನಿಯಲ್ಲಿ (ಮೈ ತೂರುವಷ್ಟು ಅಗಲದ ಬಿರುಕಿನಲ್ಲಿ) ತಿರುಗುವಾಗ ತಗುಲುತ್ತದೆ. ನಮ್ಮ ತಲೆ ಎಲ್ಲಿ ಮುಗಿಯುತ್ತದೆ ಅನ್ನುವ ಅಂದಾಜು ನಮಗೆ ಹುಟ್ಟಿನಿಂದ ಬಂದದ್ದು, ಅದರ ಮೇಲಿನ ನಾಲ್ಕು ಬೆರಳು ಎತ್ತರ ಆ ಲೆಕ್ಕದಲ್ಲಿ ಇರುವುದಿಲ್ಲ. ಹೆಡ್‌ಲ್ಯಾಂಪ್ ಕೂರುವ ಜಾಗ, ಹಣೆಯ ಮೇಲ್ಭಾಗ, ಅಲ್ಲಿ ಕ್ಯಾಮೆರಾ ಬಂಡೆಗೂ ದೂರ, ಹಗ್ಗಕ್ಕೂ ದೂರ.

ಈಗ ತೂಕದ ಮಾತು. ಹೀರೋ 12 ಬ್ಲ್ಯಾಕ್ 154 ಗ್ರಾಂ ತೂಗುತ್ತದೆ, ಡಿಜೆಐ ಆಸ್ಮೋ ಆ್ಯಕ್ಷನ್ 4 ಅಂದರೆ 145 ಗ್ರಾಂ. ಕೈಯಲ್ಲಿ ಹಿಡಿದರೆ ಏನೂ ಅಲ್ಲ. ಆದರೆ ಹಗುರವಾದ ಫೋಮ್ ಹೆಲ್ಮೆಟ್ ಒಂದರ ತೂಕವೇ 200 ಗ್ರಾಂ ಆಸುಪಾಸು. ಅದರ ಮುಂದುಗಡೆ ಮತ್ತೆ 150 ಗ್ರಾಂ ಹೇರಿದರೆ ಹೆಲ್ಮೆಟ್ ಹುಬ್ಬಿನ ಮೇಲೆ ಜಾರುತ್ತದೆ, ಬೆಲ್ಟ್ ಬಿಗಿ ಮಾಡಬೇಕಾಗುತ್ತದೆ, ಸಂಜೆಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಕೊಳ್ಳುವ ಮೊದಲೇ ಇದನ್ನು ತಿಳಿದುಕೊಳ್ಳಲು ಒಂದು ಸುಲಭದ ದಾರಿ ಇದೆ. ಅಡುಗೆಮನೆಯ ತಕ್ಕಡಿಯಲ್ಲಿ 150 ಗ್ರಾಂ ಮರಳು ತೂಗಿ, ಚಿಕ್ಕ ಚೀಲಕ್ಕೆ ಹಾಕಿ ಹೊಲಿದು, ಹೆಡ್‌ಲ್ಯಾಂಪಿನ ಪಟ್ಟಿಗೆ ಬಿಗಿದು ಟಾಪ್ ರೋಪ್‌ನಲ್ಲಿ ಹತ್ತಿ ನೋಡಿದೆ. ಹತ್ತುವಾಗ ಅಷ್ಟಾಗಿ ಗೊತ್ತಾಗಲಿಲ್ಲ. ಕೆಳಗೆ ನಿಂತು ಬಿಲೇ ಕೊಡುವಾಗ, ಅಂದರೆ ಹತ್ತುವವರ ಹಗ್ಗ ಹಿಡಿದು ಕಾಯುವಾಗ, ತಲೆಯೆತ್ತಿ ಸಂಗಾತಿಯನ್ನೇ ನೋಡುತ್ತಾ ನಿಂತಾಗ ತೂಕ ಎದ್ದು ಕಂಡಿತು. ಆಮೇಲೆ ಮರಳನ್ನು 40 ಗ್ರಾಮಿಗೆ ಇಳಿಸಿದೆ. ಚೀಲ ಇರುವುದೇ ಮರೆತುಹೋಯಿತು. ಇನ್‌ಸ್ಟಾ360 ಗೋ 3ಎಸ್ ಎಂಬ ಪುಟ್ಟ ಕ್ಯಾಮೆರಾದ ತೂಕ 39 ಗ್ರಾಂ. ನನ್ನ ತೀರ್ಮಾನ ಬಹುತೇಕ ಅಲ್ಲೇ ಆಗಿಹೋಯಿತು.

ತೂಕಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಯಾರೂ ಸಾಕಷ್ಟು ಮಾತಾಡುವುದಿಲ್ಲ. ಕ್ಯಾಮೆರಾ ಕಳಚಿ ಬಿದ್ದರೆ ಕೆಳಗಿರುವುದು ನಮ್ಮ ಬಿಲೇಯರ್. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ 30 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಸೆಕೆಂಡಿಗೆ 24 ಮೀಟರ್, ಅಂದರೆ ಗಂಟೆಗೆ 87 ಕಿಲೋಮೀಟರ್ ವೇಗದಲ್ಲಿರುತ್ತದೆ. 150 ಗ್ರಾಂ ತೂಕಕ್ಕೆ ಆ ಹೊಡೆತ ಸುಮಾರು 44 ಜೌಲ್. 39 ಗ್ರಾಮಿಗೆ ಸುಮಾರು 11. ಎರಡೂ ಬೀಳಬಾರದು. ಆದ್ದರಿಂದ ಕ್ಯಾಮೆರಾ ಎಷ್ಟೇ ಚಿಕ್ಕದಿರಲಿ, ಅದರ ಕವಚಕ್ಕೆ ತೆಳು ದಾರ ಪೋಣಿಸಿ ಹೆಲ್ಮೆಟ್ಟಿಗೆ ಕಟ್ಟಲೇಬೇಕು. ದಾರ ಒಂದು ಗೇಣಿಗಿಂತ ಉದ್ದವಿರಬಾರದು. ಉದ್ದವಾದರೆ ಕ್ಯಾಮೆರಾ ಮುಖದ ಮುಂದೆ ನೇತಾಡುತ್ತದೆ ಅಥವಾ ಕ್ಯಾರಾಬಿನರ್‌ಗೆ (ಹಗ್ಗ ಹಾಕುವ ಲೋಹದ ಕೊಂಡಿಗೆ) ಸುತ್ತಿಕೊಳ್ಳುತ್ತದೆ.

ಕಟ್ಟುವ ಬಗೆಯಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಹೆಲ್ಮೆಟ್ಟಿಗೆ ಅಂಟು ಬೇಡ. ಅಂಟಿನಲ್ಲಿರುವ ದ್ರಾವಕ ಪ್ಲಾಸ್ಟಿಕ್ ಚಿಪ್ಪನ್ನೂ ಫೋಮನ್ನೂ ದುರ್ಬಲ ಮಾಡಬಹುದು. ಇಎನ್ 12492, ಯುಐಎಎ 106 ಎಂಬ ಮಾನದಂಡಗಳ ಪರೀಕ್ಷೆಯಲ್ಲಿ ಹೆಲ್ಮೆಟ್ ಮೇಲೆ 5 ಕಿಲೋ ಭಾರವನ್ನು 2 ಮೀಟರ್ ಎತ್ತರದಿಂದ ಬೀಳಿಸಿ, ತಲೆಗೆ ದಾಟುವ ಬಲವನ್ನು ಅಳೆಯುತ್ತಾರೆ. ಆ ಹೆಲ್ಮೆಟ್ ಮೇಲೆ ಗಟ್ಟಿ ಗುಬಟೊಂದು ಅಂಟಿರುವುದಿಲ್ಲ. ಹಾಗಾಗಿ ನಾನು ಹೆಡ್‌ಲ್ಯಾಂಪಿನ ಕ್ಲಿಪ್‌ಗಳಲ್ಲಿ ಹಾದುಹೋಗುವ ಎಲಾಸ್ಟಿಕ್ ಪಟ್ಟಿಯನ್ನೇ ಬಳಸುತ್ತೇನೆ. ಜೋರಾಗಿ ಎಲ್ಲಾದರೂ ಸಿಕ್ಕಿಕೊಂಡರೆ ಪಟ್ಟಿ ಜಾರುತ್ತದೆ, ಕ್ಯಾಮೆರಾವನ್ನು ಹಿಡಿದಿರುವ ಆಯಸ್ಕಾಂತ ಬಿಡುತ್ತದೆ, ದಾರ ಕ್ಯಾಮೆರಾವನ್ನು ಹಿಡಿಯುತ್ತದೆ, ಕುತ್ತಿಗೆಯ ಮೇಲೆ ಎಳೆತ ಬೀಳುವುದಿಲ್ಲ. ಬಿಗಿಯಾಗಿ ಸ್ಕ್ರೂ ಹಾಕಿದ ಮೌಂಟ್‌ನಲ್ಲಿ ಈ ಸಡಿಲ ಇಲ್ಲ.

ಇನ್ನು ಚೌಕಟ್ಟು. ಹತ್ತುವವರ ಕಥೆ ನಡೆಯುವುದು ಮೇಲಿನ ಕೈಗೂ ಕೆಳಗಿನ ಕಾಲಿಗೂ ನಡುವೆ, ಅಂದರೆ ಉದ್ದಕ್ಕೆ. ಟಿವಿಯ ಆಕಾರದ 16:9 ಚೌಕಟ್ಟು ಎಡಬಲದಲ್ಲಿ ಬೇಡದ ಕಲ್ಲನ್ನೆಲ್ಲ ತುಂಬಿಕೊಂಡು ಮೇಲೆ ಕೈಯನ್ನು, ಕೆಳಗೆ ಕಾಲನ್ನು ಕತ್ತರಿಸುತ್ತದೆ. ಹೆಲ್ಮೆಟ್ ಮೇಲಿಂದ ಚಿತ್ರಿಸುವಾಗ ಇದು ಇನ್ನೂ ಹೆಚ್ಚು, ಯಾಕೆಂದರೆ ಮೇಲಿನ ಹಿಡಿತ ಹುಡುಕುವಾಗ ನಾವು ತಲೆಯನ್ನು ಸ್ವಲ್ಪವೇ ಎತ್ತಿ ಉಳಿದದ್ದನ್ನು ಕಣ್ಣಿನಲ್ಲೇ ತೂಗಿಸುತ್ತೇವೆ. ಕಣ್ಣು ನೋಡಿದ್ದನ್ನು ಲೆನ್ಸ್ ನೋಡಿರುವುದಿಲ್ಲ. ಲೆನ್ಸನ್ನು ಮೇಲಕ್ಕೆ ವಾಲಿಸಿದರೆ ಕಾಲು ತಪ್ಪುತ್ತದೆ, ಕೆಳಕ್ಕೆ ವಾಲಿಸಿದರೆ ಕೈ. ಇದಕ್ಕೆ ಪರಿಹಾರ ಎತ್ತರದ ಚೌಕಟ್ಟು. 2022ರ ಹೀರೋ 11 ಬ್ಲ್ಯಾಕ್‌ನಲ್ಲಿ ಗೋಪ್ರೋ 8:7 ಆಕಾರದ ಸೆನ್ಸರ್ ತಂದಿತು, ಬಹುಮಟ್ಟಿಗೆ ಚೌಕವೇ. ಅದರಲ್ಲಿ ಪೂರ್ತಿ ಚಿತ್ರ ಹಿಡಿದಿಟ್ಟು, ಬೇಕಾದ ಆಕಾರವನ್ನು ಆಮೇಲೆ ಕತ್ತರಿಸಿಕೊಳ್ಳಬಹುದು. ಪುಟ್ಟ ಕ್ಯಾಮೆರಾಗಳಲ್ಲಿ ಕೆಲವು 4:3ರಲ್ಲಿ ಹಿಡಿದು ಆಮೇಲೆ ಆಕಾರ ಆರಿಸುವ ಸೌಲಭ್ಯ ಕೊಡುತ್ತವೆ. ಕೊಳ್ಳುವಾಗ ರೆಸಲ್ಯೂಷನ್ ಪಟ್ಟಿಗಿಂತ ಮೊದಲು ಇದನ್ನು ಕೇಳಿ.

ಅಗಲದ ಲೆನ್ಸಿಗೆ ಇನ್ನೊಂದು ಗುಣವಿದೆ: ಬಂಡೆಯ ಕಡಿದನ್ನು ಅದು ತೋರಿಸುವುದಿಲ್ಲ. ಬೆವರಿಳಿಸಿದ ನೆಟ್ಟನೆ ಗೋಡೆ ಪರದೆಯ ಮೇಲೆ ಅಂಗಳದಷ್ಟು ಚಪ್ಪಟೆಯಾಗಿ ಕಾಣುತ್ತದೆ. ತಲೆಯ ಮೇಲಿನ ಕ್ಯಾಮೆರಾ ಬಂಡೆಗೆ ಎದುರಾಗಿಯೇ ನೋಡುವುದರಿಂದ, ನೆಲ ಯಾವ ಕಡೆ ಅನ್ನುವ ಸುಳಿವು ನೋಡುಗರಿಗೆ ಸಿಗುವುದಿಲ್ಲ. ನನ್ನ ಉಪಾಯವಿಷ್ಟೇ: ಕಾಲಿಡುವಾಗ ಒಂದು ಕ್ಷಣ ಕೆಳಗೆ ನೋಡಿದರೆ ಹಗ್ಗ ಇಳಿದುಹೋಗುವುದೂ ಬಿಲೇಯರ್ ಚಿಕ್ಕದಾಗಿ ಕಾಣುವುದೂ ಚೌಕಟ್ಟಿಗೆ ಬರುತ್ತವೆ. ಕ್ಲಿಪ್ ಮಾಡಿ ನೆಮ್ಮದಿಯಾಗಿ ನಿಂತ ಜಾಗದಲ್ಲಿ ಮಾತ್ರ ಹೀಗೆ ಮಾಡುತ್ತೇನೆ.

ಚಿತ್ರದ ಅಲುಗಾಟ ತಗ್ಗಿಸುವ ಸ್ಥಿರೀಕರಣದ ಬಗ್ಗೆ ಕಂಪನಿಗಳು ತೋರಿಸುವ ಚಿತ್ರಗಳೆಲ್ಲ ಸೈಕಲ್ಲಿನವು. ಈ ತಂತ್ರ ಕ್ಯಾಮೆರಾದ ಒಳಗಿನ ಗೈರೋ ಕೊಡುವ ಮಾಹಿತಿಯ ಮೇಲೆ ನಿಂತಿದೆ, ಗೈರೋಗೆ ತಿಳಿಯುವುದು ತಿರುಗಿದ್ದು ಮಾತ್ರ. ತಲೆ ಎರಡು ಬೆರಳು ಪಕ್ಕಕ್ಕೆ ಸರಿದರೆ ಅದಕ್ಕೆ ಗೊತ್ತಾಗುವುದಿಲ್ಲ. ದೂರದ ಬೆಟ್ಟದ ವಿಷಯದಲ್ಲಿ ಅದರಿಂದ ತೊಂದರೆಯಿಲ್ಲ. ಗೇಣು ದೂರದ ಕಲ್ಲು ಮಾತ್ರ ಚೌಕಟ್ಟಿನಲ್ಲಿ ಓಲಾಡುತ್ತದೆ. ಹಾಗಾಗಿ ಅತಿ ಹೆಚ್ಚಿನ ಸ್ಥಿರೀಕರಣ ಹಾಕುವುದರಿಂದ ನಮಗೆ ಸಿಗುವುದು ಕಡಿಮೆ, ಅಂಚು ಕತ್ತರಿಸಿ ಚೌಕಟ್ಟು ಕಿರಿದಾಗುವ ನಷ್ಟವೇ ಹೆಚ್ಚು. ನಾನು ಸಾಧಾರಣ ಮಟ್ಟದಲ್ಲಿ ಇಡುತ್ತೇನೆ. ದಿಗಂತವನ್ನು ನೇರವಾಗಿ ಹಿಡಿಯುವ ಸೌಲಭ್ಯವನ್ನೂ ಬಂದ್ ಮಾಡುತ್ತೇನೆ; ನೆಟ್ಟಗೆ ಕೆಳಗೆ ನೋಡಿದಾಗ ಚಿತ್ರ ಇದ್ದಕ್ಕಿದ್ದಂತೆ ಸುತ್ತು ಹೊಡೆಯುವುದನ್ನು ಕಂಡಿದ್ದೇನೆ.

ಬೆಳಕಿನಲ್ಲಿ ಮುಖ್ಯವಾದದ್ದು ಒಂದೇ. ನೆರಳಿನ ಬಂಡೆಯಿಂದ ತಲೆಯೆತ್ತಿದರೆ ಬಿಸಿಲಿನ ಆಕಾಶ. ಕ್ಯಾಮೆರಾ ಎಕ್ಸ್‌ಪೋಷರ್ (ಚಿತ್ರಕ್ಕೆ ಬಿಡುವ ಬೆಳಕಿನ ಪ್ರಮಾಣ) ಬದಲಿಸುವಷ್ಟರಲ್ಲಿ ಆಕಾಶ ಬೆಳ್ಳಗೆ ಸುಟ್ಟಿರುತ್ತದೆ. ಎಕ್ಸ್‌ಪೋಷರ್ ಅರ್ಧ ಸ್ಟಾಪ್ (ಬೆಳಕಿನ ಅಳತೆ) ಇಳಿಸಿ, ಐಎಸ್‌ಒಗೆ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಗೆ, ಮೇಲ್ಮಿತಿ ಹಾಕಿಟ್ಟರೆ ಸಾಕಷ್ಟು ಸುಧಾರಿಸುತ್ತದೆ. ಒಳಾಂಗಣ ಗೋಡೆಗಳಲ್ಲಿ ದೀಪ ಮಿನುಗುವುದು ಕಂಡರೆ ಫ್ಲಿಕರ್ ತಡೆಯುವ ಸೆಟ್ಟಿಂಗನ್ನು ಅಲ್ಲಿಯ ವಿದ್ಯುತ್ತಿನ 50 ಅಥವಾ 60 ಹರ್ಟ್ಸ್‌ಗೆ ಹೊಂದಿಸಿ.

ಬೆವರು ಹೀರಲು ಹಚ್ಚುವ ಚಾಕ್ ಪುಡಿ ಮೆತ್ತಿದ ಬೆರಳಿಗೆ ಟಚ್ ಪರದೆ ಸರಿಯಾಗಿ ಓಗೊಡುವುದಿಲ್ಲ. ಅದಕ್ಕೇ ಒಂದೇ ಗುಂಡಿ ಒತ್ತಿದರೆ ಚಾಲೂ ಆಗಿ ರೆಕಾರ್ಡ್ ಶುರುವಾಗುವ ಕ್ಯಾಮೆರಾನೇ ಬೇಕು. ಗುಂಡಿಯನ್ನು ಕಣ್ಣಿಲ್ಲದೆ ಬೆರಳೇ ಹುಡುಕಬೇಕು. ಶುರುವಾಯಿತು ಅನ್ನುವುದು ಕಿವಿಗೋ ಬೆರಳಿಗೋ ಗೊತ್ತಾಗಬೇಕು. ಆದರೂ ಗೋಡೆಯ ಮೇಲೆ ನಾನು ಅದನ್ನು ಮುಟ್ಟುವುದಿಲ್ಲ. ಕ್ಯಾಮೆರಾ ಶುರು ಮಾಡಿ, ಆಮೇಲೆ ಸಂಗಾತಿಯೂ ನಾನೂ ಒಬ್ಬರ ಗಂಟು, ಬಕಲ್, ಬಿಲೇ ಸಾಧನವನ್ನು ಇನ್ನೊಬ್ಬರು ನೋಡುತ್ತೇವೆ. ಈ ಕ್ರಮ ತಿರುಗುಮುರುಗಾಗಬಾರದು. ಪರಿಶೀಲನೆ ಮುಗಿದ ಮೇಲೆ ನಡುವೆ ಇನ್ನೇನೂ ಬರಬಾರದು.

ಬ್ಯಾಟರಿಯೇ ಪುಟ್ಟ ಕ್ಯಾಮೆರಾದ ದುರ್ಬಲ ಜಾಗ. ಗೋ 3ಎಸ್ ಒಂಟಿಯಾಗಿ 38 ನಿಮಿಷ ಬರುತ್ತದೆ ಎಂದು ಕಂಪನಿಯ ಲೆಕ್ಕ, ಅದೂ 4ಕೆಗಿಂತ ಕಡಿಮೆ ರೆಸಲ್ಯೂಷನ್ನಿನ 1080ಪಿಯಲ್ಲಿ. 4ಕೆ ಹಾಕಿದರೆ ಇನ್ನೂ ಕಡಿಮೆ. ಒಂದೇ ಪಿಚ್‌ನ, ಅಂದರೆ ಒಂದು ಹಗ್ಗದಳತೆಯೊಳಗಿನ, ಲೀಡ್‌ಗೆ ಇಷ್ಟು ಸಾಕು; ಇಳಿದ ಮೇಲೆ ಅದರ ಡಬ್ಬಿಯಲ್ಲಿಟ್ಟರೆ ಮತ್ತೆ ಚಾರ್ಜ್ ಆಗುತ್ತದೆ. ಹಲವು ಪಿಚ್‌ಗಳ ಉದ್ದ ಗೋಡೆಗೆ ಹೊರಟವರಿಗೆ ನಾನು ಇದನ್ನು ಹೇಳುವುದಿಲ್ಲ. ಅವರಿಗೆ ಬ್ಯಾಟರಿ ಬದಲಿಸಬಹುದಾದ ದೊಡ್ಡ ಕ್ಯಾಮೆರಾವೇ ಸರಿ, ತೂಕವನ್ನು ಸಹಿಸಿಕೊಳ್ಳಬೇಕು. ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಶಕ್ತಿ ಬೇಗ ಕುಸಿಯುತ್ತದೆ, ಬದಲಿ ಬ್ಯಾಟರಿಯನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಿ. ಕಾರ್ಡ್ ಹಾಕುವ ಕ್ಯಾಮೆರಾಗೆ ವಿ30 ಗುರುತಿನದು ಸಾಕು. ಅದು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆ. 100 ಮೆಗಾಬಿಟ್ ವೇಗದ ವಿಡಿಯೋಗೆ ಬೇಕಿರುವುದು 12.5 ಮೆಗಾಬೈಟ್. ಜಾಗ ಮಾತ್ರ ಗಂಟೆಗೆ 45 ಜಿಬಿ ನುಂಗುತ್ತದೆ.

ಹೀಗೆ ಲೀಡ್‌ಗೆ ಹಣೆಯ ಮೇಲೆ ಪುಟ್ಟ ಕ್ಯಾಮೆರಾ, 4ಕೆ, ಸೆಕೆಂಡಿಗೆ 30 ಫ್ರೇಮ್. ಜೊತೆಗೆ ಹಳೆಯ ದೊಡ್ಡ ಕ್ಯಾಮೆರಾವೊಂದನ್ನು ನೆಲದ ಮೇಲೆ ಟ್ರೈಪಾಡ್‌ನಲ್ಲಿ, ಗೋಡೆಗೆ ಪಕ್ಕದಿಂದ ಕಾಣುವ ಹಾಗೆ, ಕಲ್ಲು ಬೀಳದ ಜಾಗ ನೋಡಿ ನಿಲ್ಲಿಸುತ್ತೇನೆ. ಕಲಿಯಲು ಬೇಕಾದದ್ದು ಈ ಎರಡನೆಯದರಲ್ಲೇ ಹೆಚ್ಚು: ಸೊಂಟ ಎಷ್ಟು ಹೊರಗಿದೆ, ಭಾರ ಯಾವ ಕಾಲಿನ ಮೇಲಿದೆ, ತೋಳು ಎಲ್ಲಿ ಮಡಚಿ ದಣಿಯುತ್ತಿದೆ ಅನ್ನುವುದು ಪಕ್ಕದಿಂದ ಮಾತ್ರ ಕಾಣುತ್ತದೆ. ಹಣೆಯ ಕ್ಯಾಮೆರಾ ಹೇಳುವುದು ಬೇರೆ: ಯಾವ ಹಿಡಿತವನ್ನು ಎಷ್ಟು ಹೊತ್ತು ಹುಡುಕಿದೆ, ಪಕ್ಕದಲ್ಲೇ ಇದ್ದ ಹೆಜ್ಜೆಯನ್ನು ಹೇಗೆ ದಾಟಿಹೋದೆ ಎಂದು. ತಂತ್ರ ತಿದ್ದಿಕೊಳ್ಳುವುದಷ್ಟೇ ಉದ್ದೇಶವಾಗಿದ್ದರೆ ಮೈಮೇಲಿನ ಕ್ಯಾಮೆರಾ ಕೊಳ್ಳಬೇಡಿ; ಫೋನನ್ನು ಟ್ರೈಪಾಡ್‌ಗೆ ಸಿಕ್ಕಿಸಿದರೆ ಆಯಿತು.

ಮನೆಗೆ ಬಂದ ಮೇಲೆ ಲೆನ್ಸನ್ನು ಅಂಗಿಯ ತುದಿಯಿಂದ ಒರೆಸಬೇಡಿ. ಚಾಕ್ ಮೆತ್ತಗೇ ಇದ್ದರೂ ಅದರಲ್ಲಿ ಬೆರೆತ ಕಲ್ಲಿನ ಹುಡಿ ಗಾಜನ್ನು ಗೀರುತ್ತದೆ. ಮೊದಲು ಬ್ಲೋಯರ್‌ನಿಂದ ಊದಿ, ಆಮೇಲೆ ಒದ್ದೆ ಮಾಡಿದ ಮೈಕ್ರೋಫೈಬರ್ ಬಟ್ಟೆ. ಚಾರ್ಜಿಂಗ್ ಬಾಯಿಯನ್ನೂ ಮೆತ್ತನೆಯ ಬ್ರಷ್‌ನಿಂದ ಕೊಡವಿ. ಕಟ್ಟುವ ದಾರವನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಎಳೆ ಕಿತ್ತಿದ್ದರೂ ಹೊಸದು ಹಾಕಿ.