ಜಿಡಿಪಿ ಎದ್ದ ಮೇಲೆ ಏನಾಗುತ್ತೆ: ನನ್ನ ಅನುಭವ

ಜೀವಕೋಶದ ಪೊರೆಯಲ್ಲಿ ಕೂತು ಹೊರಗಿನ ಸುದ್ದಿ ಹಿಡಿಯುವ ಬೀಟಾ-2 ಅಡ್ರಿನರ್ಜಿಕ್ ರಿಸೆಪ್ಟರ್ ಮತ್ತು ಆ ಸುದ್ದಿಯನ್ನು ಒಳಗೆ ಪಡೆಯುವ ಜಿಎಸ್ ಅನ್ನೋ ಜಿ ಪ್ರೋಟೀನ್ ಒಂದನ್ನೊಂದು ಹಿಡಿದುಕೊಂಡ ಜೋಡಿ ನನ್ನ ಕೈಗೆ ಸಿಗಲು ಐದು ತಿಂಗಳು ಬೇಕಾಯಿತು. ಜಿಡಿಪಿ ಅಂದರೆ ಇಲ್ಲಿ ದೇಶದ ಆದಾಯವಲ್ಲ, ಜಿ ಪ್ರೋಟೀನಿನೊಳಗೆ ಕೂತಿರುವ ಗ್ವಾನೋಸಿನ್ ಡೈಫಾಸ್ಫೇಟ್ ಅನ್ನೋ ಸಣ್ಣ ಅಣು. ಬ್ರಯಾನ್ ಕೋಬಿಲ್ಕಾ ಅವರ ತಂಡ 2011ರಲ್ಲೇ ಈ ಜೋಡಿಯ ರಚನೆಯನ್ನು ತೋರಿಸಿತ್ತು. ಮರುವರ್ಷ ಅವರಿಗೂ ರಾಬರ್ಟ್ ಲೆಫ್ಕೋವಿಟ್ಜ್ ಅವರಿಗೂ ನೊಬೆಲ್ ಬಂತು. ದಾರಿ ಗೊತ್ತಿದೆಯಲ್ಲ, ಬೇಗ ಮುಗಿಯುತ್ತೆ ಅಂದುಕೊಂಡಿದ್ದೆ.

ಉಬ್ಬಸ ಇರುವವರು ಇನ್‌ಹೇಲರ್ ಎಳೆದುಕೊಂಡಾಗ ಸಾಲ್ಬುಟಮಾಲ್ ಹೋಗಿ ಕೂರುವುದು ಇದೇ ರಿಸೆಪ್ಟರ್ ಮೇಲೆ. ಔಷಧಿ ಕೂರುವುದು ಜೀವಕೋಶದ ಹೊರಮೈ ಕಡೆಯಿಂದ. ಜಿ ಪ್ರೋಟೀನ್ ಇರುವುದು ಒಳಗೆ. ನಡುವೆ ಪೊರೆ. ಸುದ್ದಿ ಒಳಗೆ ಮುಟ್ಟುವುದು ಹೇಗೆ ಅನ್ನುವುದೇ ನನ್ನನ್ನು ಈ ಕೆಲಸಕ್ಕೆ ಎಳೆದದ್ದು.

ಕೀಟದ ಜೀವಕೋಶಗಳಲ್ಲಿ ರಿಸೆಪ್ಟರ್ ಬೆಳೆಸಿ, ಡಿಟರ್ಜೆಂಟ್ ಹಾಕಿ ಪೊರೆಯಿಂದ ಬಿಡಿಸಿಕೊಂಡೆ. ಔಷಧಿ ಕೂರಿಸಿ, ಜಿಎಸ್ ಬೆರೆಸಿ, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಕಾಲಮ್‌ಗೆ ಹಾಕಿದೆ. ಕಾಲಮ್‌ನಲ್ಲಿ ದೊಡ್ಡದು ಮೊದಲು ಹೊರಬರುತ್ತೆ, ಹಾಗಾಗಿ ಜೋಡಿ ಬೇಗ ಬರಬೇಕು. ಬರಲಿಲ್ಲ. ರಿಸೆಪ್ಟರ್ ಬೇರೆ, ಜಿಎಸ್ ಬೇರೆ. ಡಿಟರ್ಜೆಂಟ್ ಬದಲಿಸಿದೆ, ಔಷಧಿ ಜಾಸ್ತಿ ಮಾಡಿದೆ. ಅದೇ ಕಥೆ.

ಒಂದು ಸಂಜೆ ಲ್ಯಾಬಿನ ಹಿರಿಯರೊಬ್ಬರು ನನ್ನ ಗ್ರಾಫ್ ನೋಡಿ ಕೇಳಿದರು, "ಎದ್ದ ಜಿಡಿಪಿ ಎಲ್ಲಿಗೆ ಹೋಯ್ತಮ್ಮಾ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಜಿ ಪ್ರೋಟೀನಿಗೆ ಆಲ್ಫಾ, ಬೀಟಾ, ಗಾಮಾ ಅಂತ ಮೂರು ತುಂಡು. ಸುಮ್ನೆ ಇರುವಾಗ ಆಲ್ಫಾ ತುಂಡಿನ ಗೂಡಿನಲ್ಲಿ ಒಂದು ಜಿಡಿಪಿ ಭದ್ರವಾಗಿ ಕೂತಿರುತ್ತೆ. ಔಷಧಿ ಕೂತ ರಿಸೆಪ್ಟರಿನ ಆರನೇ ಸುರುಳಿ, ಒಳತುದಿಯಲ್ಲಿ 14 ಆಂಗ್‌ಸ್ಟ್ರಾಮ್ ಹೊರಕ್ಕೆ ಸರಿಯುತ್ತೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅಂಥ ಒಂದೂವರೆ ಪಾಲೂ ಆಗದಷ್ಟು ಜಾಗ. ಅಷ್ಟು ಸಾಕು. ಆ ಸಂದಿಗೆ ಆಲ್ಫಾದ ಬಾಲದ ಸುರುಳಿ ತೂರಿಕೊಳ್ಳುತ್ತೆ. ಬಾಲ ಅತ್ತ ಸರಿದರೆ ಇತ್ತ ಜಿಡಿಪಿಯ ಹಿಡಿತ ಸಡಿಲ. ಗೂಡಿನ ಎರಡು ಭಾಗ ತೆರೆದುಕೊಂಡು ಜಿಡಿಪಿ ಹೊರಬೀಳುತ್ತೆ. ರಿಸೆಪ್ಟರ್ ಫಾಸ್ಫೇಟ್ ಕೊಡುವುದಿಲ್ಲ, ಏನನ್ನೂ ಕತ್ತರಿಸುವುದಿಲ್ಲ. ಸಿಟಿ ಬಸ್ಸಿನಲ್ಲಿ ಸೀಟು ಖಾಲಿ ಮಾಡಿಸಿದ ಹಾಗೆ, ಅಷ್ಟೇ. ಜೀವಕೋಶದೊಳಗೆ ಜಿಡಿಪಿಗಿಂತ, ಇನ್ನೊಂದು ಫಾಸ್ಫೇಟ್ ಹೆಚ್ಚಿರುವ ಜಿಟಿಪಿಯೇ ಜಾಸ್ತಿ, ಹಾಗಾಗಿ ಖಾಲಿ ಸೀಟಿಗೆ ಸಾಮಾನ್ಯವಾಗಿ ಅದೇ ಬಂದು ಕೂರುತ್ತೆ. ಆಗ ಆಲ್ಫಾ ಬೇರೆಯಾಗಿ, ಸುದ್ದಿಯನ್ನು ಮುಂದಕ್ಕೆ ಒಯ್ಯುವ ಅಡಿನೈಲಿಲ್ ಸೈಕ್ಲೇಸ್ ಅನ್ನೋ ಕಿಣ್ವವನ್ನು ಚುರುಕು ಮಾಡುತ್ತೆ.

ನನ್ನ ಟ್ಯೂಬಿನಲ್ಲಿ ಜಿಟಿಪಿ ಇರಲಿಲ್ಲ. ಎದ್ದ ಜಿಡಿಪಿ ಅಲ್ಲೇ ಸುತ್ತಾಡಿಕೊಂಡಿದ್ದು ಮತ್ತೆ ಬಂದು ಕೂರುತ್ತಿತ್ತು. ಅದು ಕೂತ ತಕ್ಷಣ ಜೋಡಿ ಕೈಬಿಡುತ್ತಿತ್ತು.

ಇದಕ್ಕೆ ಎಪೈರೇಸ್ ಅನ್ನೋ ಕಿಣ್ವ ಇದೆ. ಆಲೂಗಡ್ಡೆಯಿಂದಲೂ ತೆಗೆಯುತ್ತಾರೆ. ಅದು ಜಿಡಿಪಿಯ ಒಂದು ಫಾಸ್ಫೇಟ್ ಕತ್ತರಿಸಿ ಜಿಎಂಪಿ ಮಾಡುತ್ತೆ. ಜಿಎಂಪಿಗೆ ಆ ಗೂಡಿನಲ್ಲಿ ನೆಲೆ ನಿಲ್ಲಲು ಆಗುವುದಿಲ್ಲ. ಕೋಬಿಲ್ಕಾ ತಂಡವೂ ಇದನ್ನೇ ಹಾಕಿತ್ತು. ಆ ಸಾಲನ್ನು ನಾನು ಎಷ್ಟೋ ಸಲ ಓದಿದ್ದೆ, ಯಾಕೆ ಅಂತ ಕೇಳಿಕೊಂಡಿರಲಿಲ್ಲ.

ಸ್ವಲ್ಪ ಎಪೈರೇಸ್ ಹಾಕಿ, ಕಾದು, ಕಾಲಮ್‌ಗೆ ಬಿಟ್ಟೆ. ಪರದೆಯ ಮೇಲಿನ ಗುಡ್ಡ ಎಡಕ್ಕೆ ಜರುಗಿತ್ತು, ಅಂದರೆ ಜೋಡಿ ಬೇಗ ಹೊರಬಂದಿತ್ತು. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಗೆರೆಗಳಾಗಿ ತೋರಿಸುವ ಜೆಲ್ ಓಡಿಸಿದರೆ ರಿಸೆಪ್ಟರ್ ಮತ್ತು ಆಲ್ಫಾ ಹತ್ತಿರ ಹತ್ತಿರ, ಅವುಗಳ ಕೆಳಗೆ ಬೀಟಾ, ತೀರಾ ತಳದಲ್ಲಿ ಕಂಡೂ ಕಾಣದ ಹಾಗೆ ಗಾಮಾದ ಗೆರೆ. ಆ ತೆಳು ಗೆರೆಯನ್ನು ಲೈಟಿಗೆ ಹಿಡಿದು ಎಷ್ಟು ಹೊತ್ತು ನೋಡಿದೆನೋ.

ಮರುದಿನ ಕಾಲಮ್ಮಿನಲ್ಲಿ ಎಪೈರೇಸಿನಿಂದ ಬೇರೆಯಾಗಿ ಬಂದ ಆ ಜೋಡಿಯಲ್ಲಿ ಒಂದು ಪಾಲು ತೆಗೆದು ಜಿಟಿಪಿ ಬೆರೆಸಿ ಮತ್ತೆ ಕಾಲಮ್‌ಗೆ ಹಾಕಿದೆ. ಐದು ತಿಂಗಳು ಹಿಡಿದಿಡಲು ಒದ್ದಾಡಿದ ಜೋಡಿ ಈ ಸಲ ಎರಡಾಗಿ ಬಂತು. ಹಾಗೇ ಬರಬೇಕಿತ್ತು.